ಏಳನೇ ಇಂಡೆಕ್ಸಿನ ಬಾಲ

"ಇಲ್ಲ ಅಂದ್ರೆ? ಎಲ್ಲಿಗೆ ಹೋಯ್ತು? ಕಣ್ಣಾರೆ ನೋಡಿದ್ದೀನಿ ನಾನು!"

ಪಂಕಜಾ ಮೇಡಂ ಮೇಜು ಗುದ್ದಿದ ರಭಸಕ್ಕೆ ಕೀಬೋರ್ಡು ಕುಣಿಯಿತು. ಕಿಟ್ಟಿ ಮತ್ತೊಮ್ಮೆ ಹುಡುಕಿದ. ಪರದೆಯ ಮೇಲೆ ಮತ್ತದೇ ಸಾಲು — 'ಯಾವ ದಾನಿಯೂ ಸಿಗಲಿಲ್ಲ.'

೨೦೦೪ರ ಮಾತು. ಬಸವೇಶ್ವರನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿ. ಮಾಲೀಕರು ಕಾಂತರಾಜು. ಪ್ರೋಗ್ರಾಂ ಬರೆಯುವವರು ಇಬ್ಬರು — ಕಿಟ್ಟಿ ಮತ್ತು ಚೇತನಾ. ಟೈಪ್ ಮಾಡುವವಳು ಜಯದೇವಿ. ಇವರೆಲ್ಲ ಮಾಡಿದ್ದರಲ್ಲಿ ತಪ್ಪು ಹುಡುಕುವವನು ನಾನು, ರುದ್ರೇಶ, ಗದಗ ಕಡೆಯವನು. ಪಂಕಜಾ ಮೇಡಂ ರಾಜಾಜಿನಗರದ ರಕ್ತದಾನಿಗಳ ಸಂಘದ ಕಾರ್ಯದರ್ಶಿ. ಅವರ ಸಂಘದ ದಾನಿಗಳೆಲ್ಲರ ವಿವರ ನಾವು ಕಟ್ಟಿಕೊಟ್ಟ ಡೇಟಾಬೇಸಿನಲ್ಲಿತ್ತು.

ಇತ್ತು ಅಂದುಕೊಂಡಿದ್ದೆವು.

ಬಾಗಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು ಒಬ್ಬ ನಿಂತಿದ್ದ. ಹೆಸರು ಯಲ್ಲಪ್ಪ. ಬಾಗಲಕೋಟೆ ಕಡೆಯವನು, ಸುಂಕದಕಟ್ಟೆಯ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಕೆಲಸ. ಅವನ ಹೆಂಡತಿ ಅಕ್ಕವ್ವ ತುಂಬು ಗರ್ಭಿಣಿ. ಬೆಳಗಿನ ಜಾವದಿಂದ ರಕ್ತ ಹೋಗುತ್ತಿತ್ತು. ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಮಲಗಿಸಿದ್ದರು.

"ಅವಳ ರಕ್ತ ಯಾವದಕ್ಕೂ ಹೊಂದಂಗಿಲ್ಲ ಅಂತಾರ್ರೀ," ಅಂದ ಯಲ್ಲಪ್ಪ. "ಬಾಂಬೆ ಗುಂಪಂತ. ನಾವು ಬಾಂಬೆ ನೋಡೇ ಇಲ್ರೀ ಸರ."

ಬಾಂಬೆ ಗುಂಪು! ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವಂಥದ್ದು. ಆ ಗುಂಪಿನವರಿಗೆ ಆ ಗುಂಪಿನದೇ ರಕ್ತ ಬೇಕು, ಬೇರೆ ಯಾವುದೂ ಆಗದು. ಹೊರಗಿನ ಊರಿಂದ ತರಿಸಿದರೆ ನಾಳೆ ಮುಟ್ಟುತ್ತದೆ. ವೈದ್ಯರು ಹೇಳಿದ್ದು — ಇವತ್ತು ಸಂಜೆಯೊಳಗೆ.

"ನಮ್ಮ ಕೆಂಗೇರಿ ಕ್ಯಾಂಪ್‌ನಲ್ಲಿ ಒಬ್ಬ ಸಿಕ್ಕಿದ್ದ," ಪಂಕಜಾ ಮೇಡಂ ದನಿ ಏರಿತು. "ಲ್ಯಾಬಿನವರು ಕ್ಯಾಂಪಿಗೇ ಫೋನ್ ಮಾಡಿ ಹೇಳಿದ್ರು. ಹಾಳೆ ನಾನೇ ನಿಮಗೆ ತಂದುಕೊಟ್ಟೆ."

"ಆ ಹಾಳೆ?" ಎಂದು ಕೇಳಿದಳು ಚೇತನಾ.

"ಹರಿದು ಹಾಕಿದ್ವಿ. ಕಂಪ್ಯೂಟರಿಗೆ ಹೋದ ಮೇಲೆ ಕಾಗದ ಯಾಕೆ ಅಂತ ನಿಮ್ಮ ಕಾಂತರಾಜು ಅವರೇ ಹೇಳಿದ್ರಲ್ಲಾ!"

"ಲ್ಯಾಬ್‌ನಲ್ಲಿ?"

"ಅವರ ಹತ್ರ ಬಾಟಲಿ ನಂಬರ್ ಇರುತ್ತೆ ಅಷ್ಟೇ. ಹೆಸರಿರಲ್ಲ."

ಹಾಗಾದರೆ ಬೆಂಗಳೂರಿನಲ್ಲಿ ಎಲ್ಲೋ ಒಬ್ಬ ಮನುಷ್ಯ ಓಡಾಡಿಕೊಂಡಿದ್ದಾನೆ. ಅವನ ಹೆಸರು ಗೊತ್ತಿದ್ದ ಏಕೈಕ ಜಾಗ ನಮ್ಮ ಕಂಪ್ಯೂಟರು. ಅಲ್ಲಿಂದ ಅವನನ್ನು ಯಾರೋ ಮಾಯ ಮಾಡಿದ್ದಾರೆ!

ಚೇತನಾ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ತಲೆ ಚುರುಕಾದಾಗ ಅವಳು ಕೂರುವುದೇ ಹಾಗೆ. ಕೆಂಗೇರಿ ಕ್ಯಾಂಪಿನ ದಾನಿಗಳನ್ನೆಲ್ಲ ಪರದೆಗೆ ತಂದಳು.

"ರುದ್ರೇಶ, ನೋಡು. ಕ್ರಮಸಂಖ್ಯೆ ಅಲ್ಲಲ್ಲಿ ಹಾರಿದೆ."

ನಿಜ. ಒಂದು ಕಡೆ ಎರಡು ಸಂಖ್ಯೆ ಇಲ್ಲ, ಇನ್ನೊಂದು ಕಡೆ ಸಾಲುಸಾಲಾಗಿ ಇಲ್ಲ. ಹಲ್ಲು ಬಿದ್ದ ಬಾಯಿಯ ಹಾಗೆ.

"ಅಳಿಸಿದ್ದಾರೆ!" ಕಾಂತರಾಜು ಒಳಗಿನ ಕೋಣೆಯಿಂದ ದಾಪುಗಾಲಿಟ್ಟು ಬಂದರು. "ಇಷ್ಟೇ ವಿಷಯ. ಟೈಪ್ ಮಾಡೋವಾಗ ಏನೋ ಒತ್ತಿ ಅಳಿಸಿ ಹಾಕಿದ್ದಾಳೆ. ಜಯದೇವಿ! ಬಾ ಇಲ್ಲಿ."

ಜಯದೇವಿ ಬಂದಳು. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

"ಸಾರ್, ನಾನು ಅಳಿಸಿಲ್ಲ ಸಾರ್."

"ಮತ್ತೆ ದೆವ್ವ ಬಂದು ಅಳಿಸ್ತಾ? ನಾಳೆಯಿಂದ ಬರಬೇಡ ನೀನು."

"ಒಂದು ನಿಮಿಷ ಸಾರ್," ಎಂದಳು ಚೇತನಾ. "ಅವಳನ್ನ ಕಳಿಸಿದ್ರೆ ರಕ್ತ ಸಿಗಲ್ಲ. ನಾನು ಕೇಳ್ತೀನಿ. ಜಯದೇವಿ, ಕೂತ್ಕೋ. ಆ ಬಾಂಬೆಯವನನ್ನ ಟೈಪ್ ಮಾಡಿದ್ದು ನೆನಪಿದೆಯಾ?"

"ಇದೆ ಅಕ್ಕ. ಕೆಂಗೇರಿಲಿ ಇರೋನಿಗೆ ಬಾಂಬೆ ರಕ್ತ ಹೆಂಗೆ ಬಂತು ಅಂತ ಕಿಟ್ಟಣ್ಣನ್ನ ಕೇಳಿದ್ದೆ. ಅವರು ನಕ್ಕಿದ್ರು."

"ಹೌದು, ಕೇಳಿದ್ಳು," ಎಂದ ಕಿಟ್ಟಿ.

"ಹೆಸರು?"

"ಅಯ್ಯೋ, ನೆನಪಿಲ್ಲ ಅಕ್ಕ. ಆವತ್ತು ಎಷ್ಟೊಂದು ಹೆಸರು!"

"ಸರಿ. ಟೈಪ್ ಮಾಡಿದೆ. ಆಮೇಲೆ?"

"ಡೇಟಾಬೇಸಿಗೆ ಸೇರಿಸೋ ಬಟನ್ ಒತ್ತಿದೆ. ಕೆಂಪಕ್ಷರ ಬಂದು ನಿಂತೋಯ್ತು. ಎರಡು ಸಲ ಒತ್ತಿದ್ರೂ ಅಷ್ಟೇ. ಭಯ ಆಗಿ ಹೇಳಿದೆ. ಸಾರ್ ಬಂದು ನೋಡಿದ್ರು. ನೀನು ಹೋಗಿ ಟೀ ಕುಡಿದು ಬಾ ಅಂದ್ರು. ಬಂದು ಒತ್ತಿದ್ರೆ ಸರಾಗವಾಗಿ ಹೋಯ್ತು. ಆಮೇಲೆ ಯಾವ ಕ್ಯಾಂಪಿಗೂ ಕೆಂಪಕ್ಷರ ಬಂದೇ ಇಲ್ಲ."

ಕಾಂತರಾಜು ಥಟ್ಟನೆ ಕಿಟ್ಟಿಯತ್ತ ತಿರುಗಿದರು. "ಏನಪ್ಪಾ ಕಿಟ್ಟಿ? ಏನು ಮಾಡಿದ್ದು ನೀನು?"

"ನಾನಾ? ಪ್ರೋಗ್ರಾಂ ನಂದೇ ಸಾರ್. ಆದ್ರೆ ಆವತ್ತು—"

"ಆದ್ರೆ ಗೀದ್ರೆ ಬೇಡ. ನಂಗೆ ಅದರ ಗಂಧಗಾಳಿ ಗೊತ್ತಿಲ್ಲ. ಪ್ರೋಗ್ರಾಂ ನಿಂದು, ಟೇಬಲ್ ನಿಂದು, ಇಂಡೆಕ್ಸ್ ನಿಂದು. ಉತ್ತರಾನೂ ನಿಂದೇ."

ಜಯದೇವಿ ಬಾಯಿ ತೆರೆದಳು, ಕಾಂತರಾಜು ಅವಳನ್ನು ನೋಡಿದರು, ಅವಳು ಬಾಯಿ ಮುಚ್ಚಿಕೊಂಡಳು. ನಾನು ಅದನ್ನು ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ.

ಯಲ್ಲಪ್ಪ ಹೊರಡಲು ತಿರುಗಿದ. "ಅವಳೊಬ್ಬಾಕೀನ ಅದಾಳ್ರೀ. ನಾ ಹೊಕ್ಕೀನಿ. ಸಿಕ್ರ ಫೋನ್ ಮಾಡ್ರೀ."

"ನಿಮ್ಮ ನಂಬರ್ ಹೇಳಿ," ಚೇತನಾ ಪೆನ್ನು ತೆಗೆದಳು.

"ನನ್ನ ಕಡೆ ಫೋನ್ ಎಲ್ಲೀದ್ರೀ? ಮನೀ ಮಾಲಕರ ನಂಬರ್ ಐತಿ. ಪಿ.ಪಿ. ಅಂತ ಬರಕೋರಿ. ನಮ್ಮ ವಠಾರದಾಗ ಎಲ್ಲಾರೂ ಅದನ್ನ ಕೊಡೂದ್ರೀ."

ಮೊಬೈಲು ಇನ್ನೂ ಎಲ್ಲರ ಜೇಬಿಗೂ ಬಂದಿರಲಿಲ್ಲ. ಫೋನಿಲ್ಲದವರು ಮಾಲೀಕರದೋ ಪಕ್ಕದ ಮನೆಯವರದೋ ನಂಬರು ಕೊಟ್ಟು ಹಿಂದೆ 'ಪಿ.ಪಿ.' ಸೇರಿಸುತ್ತಿದ್ದರು. ಕರೆ ಬಂದರೆ ಅವರು ಕೂಗಿ ಕರೆಯಬೇಕು. ಊರಿಗೆಲ್ಲ ಗೊತ್ತಿದ್ದ ಸಂಗತಿ.

ಆದರೆ ಚೇತನಾಳ ಪೆನ್ನು ಗಾಳಿಯಲ್ಲೇ ನಿಂತಿತು.

"ಎಲ್ಲರೂ ಒಂದೇ ನಂಬರಾ?"

"ಹೂನ್ರೀ."

ಅವಳು ಒಂದೇ ನೆಗೆತಕ್ಕೆ ಕಂಪ್ಯೂಟರಿನ ಮುಂದಿದ್ದಳು. ಕೆಂಗೇರಿಯ ಪಟ್ಟಿಯನ್ನು ಫೋನ್ ನಂಬರಿನ ಅನುಕ್ರಮದಲ್ಲಿ ಜೋಡಿಸಿದಳು. ಮೇಲಿಂದ ಕೆಳಗೆ ಬೆರಳಾಡಿಸಿದಳು. ಮತ್ತೊಮ್ಮೆ.

"ರುದ್ರೇಶ! ಒಂದೇ ಒಂದು ನಂಬರಾದ್ರೂ ಎರಡು ಸಲ ಬಂದಿದೆಯಾ ನೋಡು."

"ಇಲ್ಲ."

"ಕೆಂಗೇರಿ ಕ್ಯಾಂಪು ಕಣೋ! ಅರ್ಧ ಜನ ಬಾಡಿಗೆ ವಠಾರದವರು. ಒಬ್ಬರೂ ಪಿ.ಪಿ. ನಂಬರ್ ಕೊಟ್ಟಿಲ್ವಾ? ಅಣ್ಣ ತಮ್ಮ ಒಂದೇ ಮನೆ ಫೋನ್ ಕೊಟ್ಟಿಲ್ವಾ? ಸಾಧ್ಯವೇ ಇಲ್ಲ!"

"ಅಂದ್ರೆ?"

"ಯಾರೂ ಅಳಿಸಿಲ್ಲ. ಕ್ರಮಸಂಖ್ಯೆ ಕೊಟ್ಟು, ಅವನನ್ನ ಒಳಗೆ ಬರೋಕೇ ಬಿಟ್ಟಿಲ್ಲ! ಕಿಟ್ಟಿ, ಇಂಡೆಕ್ಸ್ ಫೈಲ್ ತೆಗಿ. ಬೇಗ!"

ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯ ಪದಸೂಚಿಯಂಥದ್ದು. ಬೇಕಾದ ಹೆಸರು ಯಾವ ಪುಟದಲ್ಲಿದೆ ಎಂದು ಡೇಟಾಬೇಸಿಗೆ ತೋರಿಸುವ ದಾರಿ. ಆದರೆ ಅದಕ್ಕೆ ಕಾವಲು ಕೆಲಸವನ್ನೂ ಹಚ್ಚಬಹುದು — 'ಈ ವಿವರ ಎರಡನೇ ಸಲ ಬಂದರೆ ಒಳಗೆ ಬಿಡಬೇಡ.'

ಕಿಟ್ಟಿ ಫೈಲು ತೆರೆದ. ಯಾರಿಗೂ ಪ್ರೀತಿಯಿಲ್ಲದ ಫೈಲದು. ಎಲ್ಲ ಇಂಡೆಕ್ಸುಗಳ ವ್ಯಾಖ್ಯೆ ರೈಲಿನ ಹಾಗೆ ಒಂದರ ಹಿಂದೊಂದು. ಒಂದೊಂದು ಸಾಲೂ ಪರದೆಯ ಬಲ ಅಂಚು ದಾಟಿ ಎಲ್ಲಿಗೋ ಹೋಗುತ್ತಿತ್ತು. ಹೆಸರುಗಳೋ — ಐಎಕ್ಸ್ ಒಂದು, ಐಎಕ್ಸ್ ಎರಡು. ಕಾಲಂಗಳು — ಎಫ್ ಮೂರು, ಎಫ್ ನಾಲ್ಕು. ಇದನ್ನು ಮನುಷ್ಯರು ಓದುವ ಹಾಗೆ ಬರೆಯೋಣ ಎಂದು ಚೇತನಾ ತಿಂಗಳುಗಟ್ಟಲೆ ಕೇಳಿಕೊಂಡಿದ್ದಳು. ಕಂಪ್ಯೂಟರಿಗೆ ಅರ್ಥವಾದರೆ ಸಾಕು ಎಂದಿದ್ದರು ಕಾಂತರಾಜು.

"ಈ ಫೈಲನ್ನ ನಾನೂ ನೋಡಿದೀನಿ, ನೀನೂ ನೋಡಿದೀಯ, ಕಿಟ್ಟೀನೂ ನೋಡಿದಾನೆ," ಎಂದಳು ಚೇತನಾ. "ನೋಡಿದೀವಿ, ಓದಿಲ್ಲ. ಈಗ ಓದೋಣ."

ಅವಳ ಬೆರಳು ಎಂಟರ್ ಕೀಲಿಯ ಮೇಲೆ ಕುಣಿಯತೊಡಗಿತು. ಇಂಡೆಕ್ಸಿನ ಹೆಸರು ಒಂದು ಸಾಲು. ಯಾವ ಟೇಬಲಿನದು, ಅಂದರೆ ಯಾವ ಕೋಷ್ಟಕದ್ದು — ಇನ್ನೊಂದು ಸಾಲು. ಯಾವ ಕಾಲಂ — ಮತ್ತೊಂದು. ಪಕ್ಕದಲ್ಲೇ ನಿಜವಾದ ಹೆಸರು: ಎಫ್ ಎರಡು ಎಂದರೆ ಊರು, ಎಫ್ ಆರು ಎಂದರೆ ರಕ್ತದ ಗುಂಪು. ಐಎಕ್ಸ್ ಮೂರು ಹೋಗಿ 'ಊರು ಮತ್ತು ಗುಂಪಿನಿಂದ ದಾನಿ ಹುಡುಕಲು' ಎಂದಾಯಿತು. ಮುದ್ದೆಯಾಗಿದ್ದ ಸಾಲುಗಳು ಒಂದೊಂದಾಗಿ ಬಿಡಿಸಿಕೊಂಡು ಎದ್ದು ನಿಂತವು. ನಾವೆಲ್ಲ ಅವಳ ಹೆಗಲ ಮೇಲಿಂದ ಬಾಗಿದ್ದೆವು. ಹೊರಡಬೇಕಿದ್ದ ಯಲ್ಲಪ್ಪನೂ ಬಾಗಿಲಲ್ಲೇ ನಿಂತ.

ಏಳನೆಯದು ಬಂತು.

"ಎಫ್ ನಾಲ್ಕು. ಎಫ್ ನಾಲ್ಕು ಯಾವುದು ಕಿಟ್ಟಿ?"

"ಫೋನು."

"ಎರಡನೇ ಸಲ ಬಂದರೆ ಬಿಡಬೇಡ ಅಂತ ಕಾವಲು ಹಾಕಿದೀಯ."

"ಹೂಂ. ಒಂದು ನಂಬರಿಗೆ ಒಬ್ಬನೇ ದಾನಿ ಅಂತ ಆಗ ಹೇಳಿದ್ರು. ಆದ್ರೆ ಎರಡನೇ ಸಲ ಬಂದ್ರೆ ಕೆಂಪಕ್ಷರ ಬಂದು ಎಲ್ಲಾ ನಿಲ್ಲಬೇಕು ಚೇತನಾ. ಸುಮ್ಮನೆ ಬಿಟ್ಟುಹೋಗಲ್ಲ!"

"ಇರು. ಸಾಲು ಇನ್ನೂ ಮುಗಿದಿಲ್ಲ."

ಅವಳು ಕರ್ಸರನ್ನು ಬಲಕ್ಕೆ ಓಡಿಸಿದಳು. ಖಾಲಿ. ಇನ್ನೂ ಬಲಕ್ಕೆ. ಖಾಲಿ. ಅಷ್ಟು ದೂರ ಯಾವ ಕಣ್ಣೂ ಹೋಗಿರಲಿಲ್ಲ. ಅಲ್ಲಿ, ಸಾಲಿನ ಬಾಲದಲ್ಲಿ, ದಪ್ಪಕ್ಷರದ, ಎಂದರೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳ, ಒಂದು ಆಜ್ಞೆ. ಚೇತನಾ ಎಂಟರ್ ಒತ್ತಿದಳು. ಅದು ಪರದೆಯ ನಡುವಿಗೆ ಬಂದು ಬಿತ್ತು.

"ಎರಡನೇ ಸಲ ಬಂದರೆ ಸದ್ದು ಮಾಡದೆ ಬಿಸಾಡು," ಎಂದು ಕನ್ನಡದಲ್ಲೇ ಹೇಳಿದಳು.

ಕಿಟ್ಟಿ ಪರದೆಗೆ ಮುಖ ಹಚ್ಚಿ ಓದಿದ.

"ಇದು ನಾನು ಬರೆದಿದ್ದಲ್ಲ," ಎಂದ.

"ಯಾರು ಬರೆದ್ರು ಅನ್ನೋದು ಆಮೇಲೆ. ಮೊದಲು ಮನುಷ್ಯ. ಕೇಳಿ! ಬಿಸಾಡಿದವನ ನಂಬರ್, ಒಳಗೆ ಉಳಿದಿರೋ ಯಾರದೋ ನಂಬರೇ ಆಗಿರ್ಲೇಬೇಕು. ಅದಕ್ಕೇ ತಾನೆ ಬಿಸಾಡಿದ್ದು? ಅಂದ್ರೆ ಅವನ ನಂಬರ್ ನಮ್ಮ ಹತ್ರ ಈಗಲೂ ಇದೆ — ಬೇರೆಯವರ ಹೆಸರಲ್ಲಿ!"

ನಾನು ಪಟ್ಟಿಯನ್ನು ಪ್ರಿಂಟಿಗೆ ಹಾಕಿದೆ.

ಕೆಂಗೇರಿಯ ಪಟ್ಟಿಯನ್ನು ಹಂಚಿಕೊಂಡೆವು. ಆಫೀಸಿನ ಎರಡು ಫೋನು, ಪಂಕಜಾ ಮೇಡಂ ಮೊಬೈಲು, ಕೆಳಗೆ ಬೇಕರಿಯ ಒಂದು ರೂಪಾಯಿ ಫೋನ್ ಡಬ್ಬಿ. ಎಲ್ಲರಿಗೂ ಒಂದೇ ಪ್ರಶ್ನೆ: ನಿಮ್ಮ ನಂಬರು ಕೊಟ್ಟು ಬೇರೆ ಯಾರಾದರೂ ರಕ್ತ ಕೊಟ್ಟಿದ್ದರಾ?

ಒಬ್ಬರು ರಾಂಗ್ ನಂಬರ್ ಎಂದು ಇಟ್ಟರು. ಇನ್ನೊಬ್ಬರು ತಮ್ಮ ಭಾವಮೈದುನನ ಬಗ್ಗೆ ಹೇಳಿದರು. ಅವನದು ಬಿ ಗುಂಪು. ಹಾಗೇ ಒಂದೊಂದಾಗಿ ಗೆರೆ ಹೊಡೆಯುತ್ತಾ ಹೋದೆ. ಮುನಿರಾಜು ಎಂಬ ಹೆಸರಿಗೆ ಬಂದೆ.

"ಕೊಟ್ಟಿದ್ರಾ ಅಂತ ಕೇಳ್ತೀಯಲ್ಲಪ್ಪಾ!" ಆ ಕಡೆಯಿಂದ ಗಡಸು ದನಿ. "ನಮ್ಮ ವಠಾರದೋರೆಲ್ಲಾ ಕೊಡೋದು ನನ್ನ ನಂಬರೇಯ. ಫೋನ್ ಬಂದಾಗೆಲ್ಲಾ ಮನೆಮನೆಗೆ ಹೋಗಿ ಕರ್ಯೋದೇ ನನ್ನ ಕಸುಬಾಗೋಗದೆ."

"ಅವರಲ್ಲಿ ಯಾರ ರಕ್ತ ಆದ್ರೂ ವಿಚಿತ್ರ ಅಂತ ಹೇಳಿದ್ರಾ ಸಾರ್?"

"ಓ! ನಮ್ಮ ಬಾಂಬೆ ವಿಠ್ಠಲ! ಕ್ಯಾಂಪಿನೋರು ಅದೇನೋ ಅಂದ್ರಂತೆ, ಅವತ್ತಿಂದ ನಾವೆಲ್ಲಾ ಹಂಗೇ ಕರ್ಯೋದು. ಯಾಕೆ?"

ನಾನು ಕೂಗಿದ ಕೂಗಿಗೆ ಕೆಳಗಿನ ಬೇಕರಿಯಿಂದ ಕಿಟ್ಟಿ ಓಡಿ ಬಂದ.

ವಿಠ್ಠಲ ಟೈಲ್ಸ್ ಹಾಕುವವನು, ನಮ್ಮ ಕಡೆಯವನೇ. ಅವತ್ತು ಕೆಲಸ ಇದ್ದದ್ದು ರಾಜರಾಜೇಶ್ವರಿನಗರದ ಹೊಸ ಅಪಾರ್ಟ್‌ಮೆಂಟಿನಲ್ಲಿ. "ಆರ್ಚ್ ಹತ್ರ ನಿಂತಿರ್ರಪ್ಪಾ, ನಾನೇ ಬಂದು ತೋರಿಸ್ತೀನಿ," ಎಂದರು ಮುನಿರಾಜು. ಯಲ್ಲಪ್ಪನನ್ನು ಪಂಕಜಾ ಮೇಡಂ ಜೊತೆ ಆಸ್ಪತ್ರೆಗೆ ಕಳಿಸಿ, ನಾನೂ ಚೇತನಾಳೂ ನನ್ನ ಬೈಕು ಹತ್ತಿದೆವು. ನಾಗರಭಾವಿಯ ರಿಂಗ್ ರೋಡು, ಮೈಸೂರು ರಸ್ತೆ, ಲಾರಿಗಳ ನಡುವೆ ಸಂದು — ಎಲ್ಲಿ ಹೇಗೆ ನುಗ್ಗಿದೆನೋ! ಹಿಂದಿನಿಂದ ಚೇತನಾ ಹೆಗಲಿಗೆ ಗುದ್ದುತ್ತಿದ್ದಳು. "ಬೇಗ ಹೋಗೋ! ಇನ್ನೂ ಬೇಗ!"

ಆರ್ಚಿನ ಕೆಳಗೆ ಪಂಚೆಯನ್ನು ಮೊಣಕಾಲಿಗೆತ್ತಿ ಕಟ್ಟಿ, ಹಳೇ ಸ್ಕೂಟರಿನ ಮೇಲೆ ಮುನಿರಾಜು ಕಾಯುತ್ತಿದ್ದರು. ಕಟ್ಟಡದ ಕೆಳಗೆ ನಿಂತು ಎದೆ ಬಿರಿಯುವಂತೆ ಕೂಗಿದರು. ಮೇಲಿನ ಬಾಲ್ಕನಿಯಿಂದ ಒಂದು ತಲೆ ಇಣುಕಿತು. ಸಿಮೆಂಟಿನ ಕೈಯಲ್ಲೇ ಮೆಟ್ಟಿಲಿಳಿದು ಬಂದವನಿಗೆ ನಾನು ನಮ್ಮ ಕಡೆಯ ಮಾತಿನಲ್ಲೇ ವಿಷಯ ಹೇಳಿದೆ.

ವಿಠ್ಠಲ ಪೂರ್ತಿ ಕೇಳಲೂ ಇಲ್ಲ. ನಲ್ಲಿಯ ಕೆಳಗೆ ಕೈ ತೊಳೆಯತೊಡಗಿದ.

"ನಿನ್ನ ರಕ್ತ ಭಾಳ ಅಪರೂಪ, ಕರದ್ರ ಬರಬೇಕು ಅಂತ ಆವತ್ತು ಹೇಳಿದ್ರಣ್ಣಾ," ಎಂದ. "ಮಾಲಕರಿಗೆ ಫೋನ್ ಬಂದಾಗೊಮ್ಮೆ ನನಗೇ ಇರಬೇಕು ಅಂತ ಎದ್ದು ನಿಲ್ತಿದ್ದೆ. ಒಬ್ರೂ ಕರೀಲಿಲ್ಲ."

ಮುನಿರಾಜು ಸ್ಕೂಟರ್ ಒದ್ದರು. "ಹತ್ತೋ ಬಾಂಬೆ!"

ದೀಪಾಂಜಲಿ ನಗರದ ಬಳಿ ಬಸ್ಸುಗಳು ಅಡ್ಡಡ್ಡ ನಿಂತಿದ್ದವು. ಮುನಿರಾಜು ಇಳಿದು, ಪಂಚೆ ಬೀಸುತ್ತಾ, ಡ್ರೈವರುಗಳನ್ನು ಬೈದು ದಾರಿ ಬಿಡಿಸಿದರು. ನರ್ಸಿಂಗ್ ಹೋಮಿನ ಬಾಗಿಲಲ್ಲಿ ಪಂಕಜಾ ಮೇಡಂ ನಿಂತೇ ಇದ್ದರು. ಪರೀಕ್ಷೆ ಮುಗಿಯುವವರೆಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಡಾಕ್ಟರಮ್ಮ ಹೊರಬಂದರು. "ಹೊಂದುತ್ತೆ!"

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿತು. ಹೆಣ್ಣುಮಗು. ಅಕ್ಕವ್ವ ಕಣ್ಣು ಬಿಟ್ಟಿದ್ದಾಳೆ ಎಂದು ನರ್ಸ್ ಹೇಳಿದಾಗ ಯಲ್ಲಪ್ಪ ವಿಠ್ಠಲನ ಎರಡೂ ಕೈ ಹಿಡಿದುಕೊಂಡ. ವಿಠ್ಠಲ ನಾಚಿಕೊಂಡು, ಆಸ್ಪತ್ರೆಯವರು ಕೊಟ್ಟ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಅವನಿಗೇ ಕೊಟ್ಟ.

ಚೇತನಾ ಮುಖ ಒರೆಸಿಕೊಂಡಳು. "ನಡಿ ರುದ್ರೇಶ. ಇನ್ನೊಂದು ಕೆಲಸ ಇದೆ."

ಆಫೀಸಿನಲ್ಲಿ ಕಾಂತರಾಜು, ಕಿಟ್ಟಿ, ಜಯದೇವಿ ಮೂವರೂ ಇದ್ದರು. ಪಂಕಜಾ ಮೇಡಂ ನಮ್ಮ ಹಿಂದೆಯೇ ಆಟೋದಲ್ಲಿ ಬಂದರು.

"ಸಿಕ್ಕಿದ್ನಂತಲ್ಲಾ! ಭೇಷ್!" ಕಾಂತರಾಜು ಎದ್ದು ನಿಂತರು. "ಅಂತೂ ಒಳ್ಳೇದಾಯ್ತು. ಕಿಟ್ಟಿ, ಇನ್ಮೇಲೆ ಹುಷಾರಾಗಿರಪ್ಪ."

"ಕಿಟ್ಟಿ ಯಾಕೆ ಸಾರ್?" ಎಂದಳು ಚೇತನಾ.

"ಇಂಡೆಕ್ಸ್ ಅವನದಲ್ವೇನಮ್ಮಾ?"

"ಇಂಡೆಕ್ಸ್ ಅವನದೇ. ಬಾಲ ಅವನದಲ್ಲ. ಆ ಫೈಲ್ ಬಿಡಿಸಿ ಇಟ್ಟಾಗ ಎರಡು ಕೈಬರಹ ಕಂಡವು. ಕಿಟ್ಟಿ ಎಲ್ಲಾನೂ ಸಣ್ಣಕ್ಷರದಲ್ಲೇ ಬರೀತಾನೆ. ಮೊದಲಿಂದ ಕೊನೇವರೆಗೂ ಒಂದು ದಪ್ಪಕ್ಷರ ಇಲ್ಲ. ಏಳನೇ ಇಂಡೆಕ್ಸಿನ ಬಾಲ ಪೂರ್ತಿ ದಪ್ಪಕ್ಷರ. ಅದೂ ಯಾರ ಕಣ್ಣಿಗೂ ಬೀಳದ ಹಾಗೆ ಅಷ್ಟು ಜಾಗ ಬಿಟ್ಟು."

"ದಪ್ಪಕ್ಷರ ಯಾರು ಬೇಕಾದ್ರೂ ಬರೀಬಹುದು."

"ಬರೀಬಹುದು. ಅದಕ್ಕೇ ನಾನು ಅದನ್ನ ನಂಬ್ಕೊಂಡಿಲ್ಲ. ಬೆಳಗ್ಗೆ ಜಯದೇವಿ ಹೇಳಿದ್ದನ್ನ ನಂಬ್ಕೊಂಡಿದೀನಿ. ನಾವೆಲ್ಲಾ ಕೇಳಿಸ್ಕೊಂಡ್ವಿ, ಯಾರೂ ಗಮನಿಸಲಿಲ್ಲ."

"ಏನಂದ್ಳು?"

"ಕೆಂಪಕ್ಷರ ಬಂದಾಗ 'ಸಾರ್ ಬಂದು ನೋಡಿದ್ರು' ಅಂದ್ಳು. ನಾವೆಲ್ಲಾ ಕಿಟ್ಟಿ ಅಂದ್ಕೊಂಡ್ವಿ, ಪ್ರೋಗ್ರಾಂ ಅವನದು ಅಂತ. ಆದ್ರೆ ಜಯದೇವಿ ಕಿಟ್ಟೀನ ಏನಂತಾಳೆ? ಕಿಟ್ಟಣ್ಣ. ಇವನನ್ನ? ರುದ್ರೇಶಣ್ಣ. ನನ್ನ? ಅಕ್ಕ. ಈ ಆಫೀಸಲ್ಲಿ ಅವಳು ಸಾರ್ ಅನ್ನೋದು ಒಬ್ಬರನ್ನೇ."

ನನ್ನ ಕಿವಿಯಲ್ಲಿ ಬೆಳಗಿನ ಮಾತುಗಳೆಲ್ಲ ಮತ್ತೆ ಮೊಳಗಿದವು. ಎಷ್ಟು ನಿಚ್ಚಳವಾಗಿತ್ತು!

"ಜಯದೇವಿ," ಚೇತನಾ ಮೆಲ್ಲಗೆ ಕೇಳಿದಳು, "ಟೀ ಕುಡಿದು ಬಾ ಅಂತ ಕಳಿಸಿದ್ದು ಯಾರು?"

ಜಯದೇವಿ ಈ ಸಲ ತಲೆ ತಗ್ಗಿಸಲಿಲ್ಲ. "ಕಾಂತರಾಜು ಸಾರ್. ಕಿಟ್ಟಣ್ಣ ಆವತ್ತು ಮಧ್ಯಾಹ್ನವೇ ಮನೆಗೆ ಹೋಗಿದ್ರು. ಬೆಳಗ್ಗೆ ಹೇಳೋಣ ಅಂದ್ರೆ… ಕೆಲಸ ಹೋಗುತ್ತೆ ಅಂತ ಭಯ ಆಯ್ತು."

"ಗಂಧಗಾಳಿ ಗೊತ್ತಿಲ್ಲ ಅಂದ್ರಿ ಸಾರ್," ಎಂದಳು ಚೇತನಾ. "ಈ ಕಂಪನಿ ಶುರು ಮಾಡೋ ಮುಂಚೆ ನೀವೂ ಡೇಟಾಬೇಸ್ ಕೆಲಸವೇ ಮಾಡ್ತಿದ್ರಿ. ಆ ಬಾಲ ಬರೆದದ್ದು ನೀವು."

ಕಾಂತರಾಜು ಕುರ್ಚಿಗೆ ಕುಸಿದರು.

"ಮಾರನೇ ದಿನ ಈ ಡೇಟಾಬೇಸಿನ ಉದ್ಘಾಟನೆ ಇತ್ತು," ಎಂದರು. "ಸಂಘದವರೆಲ್ಲಾ ಬರೋರಿದ್ರು. ಎಲ್ಲರ ಮುಂದೆ ಕೆಂಪಕ್ಷರ ಬಂದ್ರೆ ಮಾನ ಹೋಗುತ್ತೆ ಅನ್ನಿಸ್ತು. ಒಂದು ದಿನದ ಮಟ್ಟಿಗೆ ಅಂತ ಹಾಕಿದೆ. ಮಾರನೇ ದಿನ ಚಪ್ಪಾಳೆ ಹೊಡೆದ್ರು. ಆಮೇಲೆ ತೆಗೆಯೋದೇ ಮರೆತೆ."

"ಮರೆತಿದ್ದು ಒಂದು ತಪ್ಪು," ಎಂದರು ಪಂಕಜಾ ಮೇಡಂ. ಅವರ ದನಿ ತಣ್ಣಗಿತ್ತು. "ಬೆಳಗ್ಗೆ ಈ ಹುಡುಗಿ ಮೇಲೆ ಹಾಕಿದ್ದು, ಅದಾಗದಿದ್ದಾಗ ಕಿಟ್ಟಿ ಮೇಲೆ ಹಾಕಿದ್ದು — ಅದು ಮರೆವಾ?"

ಕಾಂತರಾಜು ಎದ್ದು ಜಯದೇವಿಯ ಮುಂದೆ ಬಂದು ನಿಂತರು.

"ನಾಳೆ ಬಾಮ್ಮ ಕೆಲಸಕ್ಕೆ," ಎಂದರು. "ಬರ್ಲೇಬೇಕು. ಕಿಟ್ಟಿ, ನೀನೂ… ಕ್ಷಮಿಸಪ್ಪಾ." ಚೇತನಾಳ ಕಡೆ ತಿರುಗಿದರು. "ಈಗ ನಾನು ಏನು ಮಾಡ್ಲಿ ಹೇಳು."

"ವಿಠ್ಠಲ ಒಬ್ಬನೇ ಅಲ್ಲ ಸಾರ್. ಆವತ್ತಿಂದ ಎಲ್ಲಾ ಕ್ಯಾಂಪಿನಲ್ಲೂ ಬಿಸಾಡಿದೀವಿ. ಬಾಲ ಕಿತ್ತು ಹಾಕಿದೀನಿ. ಫೋನಿನ ಕಾವಲೂ ಕಿಟ್ಟಿ ತೆಗೀತಾನೆ. ಆದ್ರೆ ಹೋದವರ ಹೆಸರು ಯಾವ ಇಂಡೆಕ್ಸಿನಲ್ಲೂ ಇಲ್ಲ. ಒಬ್ಬೊಬ್ಬರನ್ನೇ ಕೇಳಿ ಹುಡುಕಬೇಕು."

ಕಾಂತರಾಜು ಫೋನನ್ನು ತಮ್ಮತ್ತ ಎಳೆದುಕೊಂಡರು. ಪಟ್ಟಿಯ ಮೊದಲ ನಂಬರು ಒತ್ತಿದರು.

"ನಮಸ್ಕಾರ. ನಿಮ್ಮ ನಂಬರ್ ಕೊಟ್ಟು ನಿಮ್ಮ ಅಕ್ಕಪಕ್ಕದವರು ಯಾರಾದ್ರೂ ರಕ್ತದಾನ ಮಾಡಿದ್ರಾ? ಹೂಂ… ಅವರ ಹೆಸರು ನಮ್ಮಲ್ಲಿ ಬಿಟ್ಟುಹೋಗಿದೆ. ಇಲ್ಲ, ಕಂಪ್ಯೂಟರ್ ತಪ್ಪಲ್ಲ ಅಮ್ಮಾ. ನನ್ನದೇ ತಪ್ಪು. ಅವರನ್ನ ಸ್ವಲ್ಪ ಕರೀತೀರಾ? ಲೈನಲ್ಲೇ ಇರ್ತೀನಿ."